ಓದದೇ ಹಾಕಿದ ಸಹಿ

ಸಾಲ್ಟ್ ಲೇಕ್ ಬಡಾವಣೆಯ ನಮ್ಮ ಸೇವಾ ಕ್ಲಬ್ಬಿಗೆ ಅವರು ಈಗ ಬರುವುದಿಲ್ಲ. ಧಾರವಾಡ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಕಾಲೇಜು ಹುಡುಗ ಹುಡುಗಿಯರಿಗೆ ಹಣಕಾಸಿನ ತಿಳಿವಳಿಕೆ ಕೊಡುತ್ತಿದ್ದರು. ಸಾಲದ ಅರ್ಜಿಯ ಸಣ್ಣ ಅಕ್ಷರಗಳ ಮೇಲೆ ಕನ್ನಡಕದ ಕಡ್ಡಿ ಓಡಿಸುತ್ತ ಹಿಂದಿಯಲ್ಲಿ ಎಚ್ಚರಿಸುವರು. ಅದನ್ನೇ ನನ್ನ ಕಡೆ ತಿರುಗಿ, “ಓದಲಾರ್ದೆ ಸಹಿ ಮಾಡಬಾರದ್ರಿ” ಎಂದು ಕನ್ನಡದಲ್ಲಿ ಮತ್ತೊಮ್ಮೆ ಹೇಳದಿದ್ದರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ಅಂಥದೊಂದು ಸಭೆಯ ನಡುವೆ ಆಸ್ಪತ್ರೆಯಿಂದ ಫೋನ್ ಬಂತು. ಅಲ್ಲಿ ಮಲಗಿದ್ದ ಅವರ ಹೆಂಡತಿಗೆ ತಕ್ಷಣ ಆಪರೇಷನ್ ಆಗಬೇಕಿತ್ತು. ಜೊತೆಗೆ ನಾನೂ ಹೋದೆ. ನರ್ಸ್ ನಾಲ್ಕು ಪುಟದ ಒಪ್ಪಿಗೆ ಪತ್ರ ಕೊಟ್ಟಳು. ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಅವಳು ತೋರಿಸಿದಲ್ಲೆಲ್ಲ ಸಹಿ ಮಾಡತೊಡಗಿದರು.

“ಸರ್, ಒಮ್ಮೆ ಓದಿ,” ಎಂದೆ.

“ಓದಿದ್ರ ಕೈ ಏಳೂದಿಲ್ರಿ,” ಎಂದರು.