ಇಳಿಜಾರಿಗೆ ಅರ್ಧ ಕೂಲಿ ಹೆಚ್ಚು

ನಮ್ಮ ಚೈತ್ರ ಶಾಲೆ ಬಿಡುವುದಿಲ್ಲ! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಇನ್ನು ಅವಳಿಗೆ ವರ್ಷದ ಹನ್ನೆರಡು ತಿಂಗಳೂ ಸಂಬಳ, ಬೇಸಿಗೆ ರಜೆಯಲ್ಲೂ. ಕಷ್ಟದ ತರಗತಿ ವಹಿಸಿಕೊಂಡದ್ದಕ್ಕೆ ಅದರ ಮೇಲೆ ಒಂದಿಷ್ಟು. ನಿನ್ನೆ ಮಧ್ಯಾಹ್ನದಿಂದ ಹಾಲಿನ ಡೇರಿಯಲ್ಲಿ ಹೇಳಿದೆ, ಬಸ್‌ಸ್ಟಾಪಿನಲ್ಲಿ ಹೇಳಿದೆ, ಕೊಟ್ಟಿಗೆಗೆ ಹೋಗಿ ಹಸುವಿಗೂ ಹೇಳಿದೆ. ಅದು ಮೆಲುಕು ಹಾಕುತ್ತಲೇ ಪೂರ್ತಿ ಕೇಳಿಸಿಕೊಂಡಿತು. ಈಗ ನೀವು ಸಿಕ್ಕಿದ್ದೀರಿ, ಸ್ವಲ್ಪ ಹೊತ್ತು ಕೂತುಕೊಳ್ಳಿ.

ಚೈತ್ರ ನನ್ನ ಮಗನ ಮಗಳು. ಸುತ್ತಲಿನ ಕಾಫಿ ತೋಟದವರು ಸೇರಿ ನಡೆಸುವ ಶಾಲೆಯಲ್ಲಿ ಮೂರು ವರ್ಷದಿಂದ ಟೀಚರು. ನಿನ್ನೆ ಬೆಳಿಗ್ಗೆ ಅವಳು ತಂದ ಶಾಲೆಯ ಕಾಗದವನ್ನು ನಾನೇ ಇಸಿದುಕೊಂಡೆ. ನಾನು ಓದಿದ್ದು ಮೂರನೇ ಕ್ಲಾಸು. ಬೆರಳಿಟ್ಟು ಒಂದೊಂದೇ ಪದ ದಾಟಿಕೊಂಡು ಹೋದೆ. 'ಮಕ್ಕಳ ಅಂಕ ನೋಡಿ ಶಿಕ್ಷಕರಿಗೆ ಕೊಡುತ್ತಿದ್ದ ಬಹುಮಾನ ಇನ್ನಿಲ್ಲ' ಎನ್ನುವ ಕಡೆ ಬೆರಳು ನಿಂತಿತು. ನನಗೆ ಹಳೆಯ ಸ್ಟೀಲ್ ಬಿಂದಿಗೆಯೊಂದು ನೆನಪಾಗಿ ನಗು ಬಂತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಪುಟ್ಟಮ್ಮನಿಗೂ ಅದೇ ನೆನಪಾಗಿರಬೇಕು. ಅವಳು ಮಾತ್ರ ನಗಲಿಲ್ಲ.

ಆ ಬಿಂದಿಗೆ ನಾನು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದಾಗಿನದು. ಆಗ ನನಗೆ ಹೊಸ ಹುರುಪು. ಹಣ್ಣು ಕುಯ್ಯುವವರಿಗೆ ಹುಮ್ಮಸ್ಸು ಬರಲಿ ಎಂದು ಒಂದು ಉಪಾಯ ಹೂಡಿದೆ: ವಾರದಲ್ಲಿ ಯಾರ ಹಣ್ಣು ಹೆಚ್ಚು ತೂಗುತ್ತದೋ ಅವರಿಗೆ ಒಂದು ಬಿಂದಿಗೆ. ಯಜಮಾನರು ಭುಜ ತಟ್ಟಿದರು. ನಾನು ಒಂದು ವಾರ ಕಾಲು ನೆಲಕ್ಕೆ ತಾಗದ ಹಾಗೆ ಓಡಾಡಿದೆ.

ಎರಡನೆಯ ವಾರ ಬುಟ್ಟಿ ಸುರಿದು ನೋಡಿದರೆ ಹಣ್ಣಿಗಿಂತ ಕಾಯಿಯೇ ಜಾಸ್ತಿ. ಕೆಂಪಾದದ್ದನ್ನು ಆರಿಸಿ ಕುಯ್ಯುವುದಕ್ಕೆ ಯಾರಿಗೆ ಪುರಸೊತ್ತು? ರೆಂಬೆಗೆ ಕೈ ಹಾಕಿ ಸರ್‍ರನೆ ಎಳೆದುಬಿಟ್ಟಿದ್ದರು. ಮುಂದಿನ ವರ್ಷ ಹೂ ಬರಬೇಕಾದ ಗೆಣ್ಣುಗಳೆಲ್ಲ ತರಚಿಹೋಗಿದ್ದವು. ಹಣ್ಣು ಕಡಿಮೆ ಇರುವ ಇಳಿಜಾರಿನ ಸಾಲಿಗೆ ಹೋಗಲು ಒಬ್ಬರೂ ಒಪ್ಪರು. ಅಲ್ಲಿಗೆ ನಾನು ಪುಟ್ಟಮ್ಮನನ್ನು ಕಳಿಸುತ್ತಿದ್ದೆ. ಮೇಸ್ತ್ರಿ ತನ್ನ ಹೆಂಡತಿಗೆ ಒಳ್ಳೆಯ ಸಾಲು ಕೊಟ್ಟ ಎಂದು ಯಾರಾದರೂ ಆಡಿಕೊಂಡಾರು ಎಂಬ ಭಯ. ಅವಳಷ್ಟು ಚೊಕ್ಕವಾಗಿ ಕುಯ್ಯುವವರು ಇಡೀ ಕೂಲಿ ಲೈನಿನಲ್ಲಿ ಇರಲಿಲ್ಲ. ಅವಳಿಗೆ ಒಂದು ಬಿಂದಿಗೆಯೂ ಬರಲಿಲ್ಲ. ಒಂದು ಸಂಜೆ ತೂಕದ ಹತ್ತಿರ, ಎಲ್ಲರ ಎದುರಿಗೇ ಅಂದಳು:

"ನಿಮ್ ಬಿಂದ್ಗೆ ನೀವೇ ಇಟ್ಕಳಿ ಮೇಸ್ತ್ರಿ. ನೀವು ಕಳ್ಸಿದ್ ಜಾಗ್ದಲ್ಲಿ ಗಿಡಕ್ಕೆ ನಾಕು ಹಣ್ಣು ಐತೆ. ನಾನೇನು ಎಲೆ ಕುಯ್ದು ತೂಕಕ್ಕೆ ಹಾಕ್ಲಾ?"

ಹೆಂಗಸರೆಲ್ಲ ಗೊಳ್ಳೆಂದರು. ಮನೆಯಲ್ಲಿ ನನ್ನನ್ನು 'ಇವ್ರೇ' ಎನ್ನುವವಳು ಅಂದು 'ಮೇಸ್ತ್ರಿ' ಎಂದದ್ದು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಚೈತ್ರಳ ಕಥೆಯೂ ಇದೇ ಆಗಿತ್ತು, ನೋಡಿ. ಕುಯ್ಲಿನ ಕಾಲಕ್ಕೆ ಬೇರೆ ಜಿಲ್ಲೆಗಳಿಂದ ಬರುವ ಕೂಲಿಯವರ ಮಕ್ಕಳು ವರ್ಷದ ನಡುವೆ ಶಾಲೆ ಸೇರುತ್ತಾರೆ. ಆ ಮಕ್ಕಳೆಲ್ಲ ಇವಳ ಕೋಣೆಗೆ. ಯಾವ ಕ್ಲಾಸಿನ ಅಂಕ ಹೆಚ್ಚೋ ಆ ಟೀಚರಿಗೆ ವರ್ಷದ ಕೊನೆಗೆ ಬಹುಮಾನ. ಹಾಗಾಗಿ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ಬೇರೆ ಕ್ಲಾಸುಗಳಲ್ಲಿ ಹಿಂದೆ ಬಿದ್ದ ಮಕ್ಕಳೂ ಏನಾದರೊಂದು ನೆಪದಲ್ಲಿ ಇವಳ ಕೋಣೆಗೇ ರವಾನೆಯಾಗುತ್ತಿದ್ದರು. ಸೇರಿದಾಗ ಒಂದಕ್ಷರ ಬಾರದಿದ್ದ ಹುಡುಗಿಯೊಬ್ಬಳು ನಾಲ್ಕು ತಿಂಗಳಿಗೆ ಬಸ್ಸಿನ ಬೋರ್ಡು ನೋಡಿ, "ಇದು ಆಲೂರಿಗೆ ಹೋಗಲ್ಲ, ಕೆ. ಹೊಸಕೋಟೆಗೆ ಹೋಗೋದು" ಎಂದು ಅವರಪ್ಪನನ್ನು ತಡೆದು ನಿಲ್ಲಿಸಿದಳಂತೆ. ಅದನ್ನು ಹೇಳುವಾಗ ಚೈತ್ರಳ ಮುಖ ನೋಡಬೇಕಿತ್ತು ನೀವು! ಆ ಹುಡುಗಿಯ ಅಂಕ ಮಾತ್ರ ಕಡಿಮೆಯೇ.

ಮೂರು ವರ್ಷ ಬಹುಮಾನ ಬೇರೆಯವರಿಗೆ ಹೋಯಿತು. ರಜೆಯ ಎರಡು ತಿಂಗಳು ಸಂಬಳವೂ ಇಲ್ಲ. ಕೊನೆಗೆ ಆನೇಮಹಲ್‌ನ ಹೋಟೆಲೊಂದರಲ್ಲಿ ಕೌಂಟರಿನ ಕೆಲಸ ನೋಡಿಕೊಂಡಳು. "ಇನ್ನೇನ್ ಮಾಡ್ಲಿ ತಾತ? ನನಗೆ ಪಾಠ ಮಾಡೋಕೆ ಬರಲ್ಲ ಅಂತ ವರ್ಷಾ ವರ್ಷಾ ಎಲ್ಲರ ಮುಂದೆ ಹೇಳಿಸ್ಕೊಂಡ ಹಾಗೆ ಆಗ್ತದೆ" ಎಂದಳು. ಸಂಬಳಕ್ಕಿಂತ ಆ ಮಾತು ನನಗೆ ಚುಚ್ಚಿತು. ಶಾಲೆಯ ಮಕ್ಕಳನ್ನು ಬಿಟ್ಟರೆ ಬೇರೇನೂ ಕಾಣದ ಹುಡುಗಿ ಅದು.

ಶಾಲೆಯ ವರ್ಷದ ಕೊನೆಯ ಸಭೆಗೆ ಊರಿನ ಹಿರಿಯರನ್ನೂ ಕರೆಯುತ್ತಾರೆ. ಈ ಸಲ ನಾನು ಹಿಂದಿನ ಬೆಂಚಿನಲ್ಲಿದ್ದೆ. ಅಧ್ಯಕ್ಷರು ನಮ್ಮ ಎಸ್ಟೇಟಿನ ಚಿಕ್ಕ ಯಜಮಾನರು. ಅವರು ಚಡ್ಡಿ ಹಾಕಿಕೊಂಡು ಕಾಫಿ ಕಣದಲ್ಲಿ ಆಡುತ್ತಿದ್ದುದನ್ನು ಕಂಡವನು ನಾನು. ಬಹುಮಾನ ಕೊಟ್ಟು ಮುಗಿಸಿ, "ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದರು. ಅದು ಕೇಳಲೇಬೇಕೆಂದು ಕೇಳುವ ಮಾತು, ಯಾರೂ ಹೇಳುವುದಿಲ್ಲ. ನಾನು ಎದ್ದು ನಿಂತುಬಿಟ್ಟೆ. ಚೈತ್ರ ದೂರದಿಂದ ಕಣ್ಣಲ್ಲೇ ಕೂತ್ಕೋ, ಕೂತ್ಕೋ ಎಂದಳು. ಕೂತುಕೊಳ್ಳೋಣವೆಂದರೆ ಕಾಲು ಮಡಚಲಿಲ್ಲ.

"ಸ್ವಾಮಿ, ನಾನು ಆಗ ಮಾಡಿದ್ ತಪ್ಪನ್ನೇ ನೀವು ಈಗ ಮಾಡ್ತಿದ್ದೀರ," ಎಂದು ಶುರುಮಾಡಿ, ಬಿಂದಿಗೆಯ ಕಥೆಯನ್ನು ಹೆಂಡತಿಯ ಬೈಗುಳದ ಸಮೇತ ಒಪ್ಪಿಸಿದೆ. ಜನ ನಕ್ಕರು. ಯಾರೋ, "ಮೊಮ್ಮಗಳ ಪರ ವಕಾಲತ್ತಿಗೆ ಬಂದಿದ್ದೀಯಾ ಮಾರಾಯ?" ಎಂದರು. "ಹೂಂ ಕಣ್ರೀ, ಅವ್ಳ ಪರವಾಗೇ," ಎಂದೆ. ಸುಳ್ಳೇಕೆ ಹೇಳಲಿ?

ಚಿಕ್ಕ ಯಜಮಾನರು ನಗಲಿಲ್ಲ. ಕಾಫಿ ಬೆಳೆಯುವವರಲ್ಲವೇ, ತರಚಿದ ಗೆಣ್ಣು ಎಂದರೆ ಅವರಿಗೆ ಕರುಳು ಹಿಂಡುತ್ತದೆ. "ಆಮೇಲೇನ್ ಮಾಡಿದ್ರಿ ಮೇಸ್ತ್ರಿ?" ಎಂದು ಕೇಳಿದರು.

"ಬಿಂದ್ಗೆ ನಿಲ್ಸ್‌ಬುಟ್ಟೆ. ಇಳಿಜಾರಿಗೆ ಹೋದೋರ್ಗೆ ದಿನದ ಕೂಲಿ ಮೇಲೆ ಅರ್ಧ ಕೂಲಿ ಜಾಸ್ತಿ ಕೊಡ್ಸಿದೆ. ತೋಟ ಉಳ್ಕತು."

ಅವರು ಏನೋ ಬರೆದುಕೊಂಡರು. ಸಭೆ ಮುಗಿಯಿತು. ಚೈತ್ರ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. "ಅವ್ಳ ಮಾನ ಕಳ್ದು ಬಂದ್ರಲ್ಲ," ಎಂದಳು ಪುಟ್ಟಮ್ಮ. ಇದ್ದರೂ ಇರಬಹುದು ಎಂದು ನಾನೂ ತೋಟದ ಬದಿ ಹೋಗಿ ಕೂತಿದ್ದೆ.

ನಿನ್ನೆ ಕಾಗದ ಬಂದ ಮೇಲೂ ನಮಗೆಲ್ಲ ಒಳಗೊಳಗೇ ಅಳುಕು. ಹೋಟೆಲಿನವರು ಕೊಡುತ್ತೇವೆಂದ ಸಂಬಳ ಇನ್ನೂ ಒಂದು ಕೈ ಹೆಚ್ಚೇ ಇತ್ತು. ಮಧ್ಯಾಹ್ನ ಅವಳೇ ಅಂಗಳದಲ್ಲಿ ನಿಂತು ಫೋನ್ ಮಾಡಿ, "ಇಲ್ಲ ಸಾರ್, ಬರಲ್ಲ. ನನ್ ಕ್ಲಾಸ್ ಐತೆ," ಎಂದಳು. ಅಷ್ಟು ಕೇಳಿಸಿಕೊಂಡೇ ನಾನು ಕೊಟ್ಟಿಗೆಗೆ ಓಡಿದ್ದು.

ಸಂಜೆ ಬೆಳಕಿರುವಾಗಲೇ ಕಡುಬು, ಕೋಳಿ ಸಾರು ಆಯಿತು. ನಮ್ಮಲ್ಲಿ ಗಂಡಸರು ಎದ್ದ ಮೇಲೆ ಹೆಂಗಸರು ಕೂರುವುದು. ನಾನು ಸೌಟು ಕಿತ್ತುಕೊಂಡು ಎಲ್ಲರನ್ನೂ ಒಟ್ಟಿಗೆ ಕೂರಿಸಿದೆ: ಮಗ, ಸೊಸೆ, ಚೈತ್ರ, ಪುಟ್ಟಮ್ಮ. ಬಡಿಸಲು ಹೋದರೆ ಸಾರು ನೆಲಕ್ಕೇ ಹೆಚ್ಚು ಬಿತ್ತು. ನಮ್ಮ ಮದುವೆಯಾದ ಮೇಲೆ ಪುಟ್ಟಮ್ಮನ ತಟ್ಟೆಗೆ ನನ್ನ ಕೈಯಿಂದ ಬಿದ್ದ ಮೊದಲ ಊಟ ಇದೇ ಎಂದು ಆಗ ಹೊಳೆಯಿತು. ಅವಳು ಒಂದು ತುತ್ತು ತಿಂದು, ತಲೆ ಎತ್ತದೆ ಪಕ್ಕದ ಚಾಪೆ ತಟ್ಟಿದಳು.

"ಬನ್ನಿ ಇವ್ರೇ, ನೀವೂ ಕೂತ್ಕಳಿ. ಬಿಸಿ ಇದ್ದಾಗ್ಲೇ ಉಣ್ಣಣ."

ಕೂತೆ. ಐದೂ ಜನ, ಮಂಡಿಗೆ ಮಂಡಿ ತಾಗಿಸಿಕೊಂಡು ಉಂಡೆವು.