ಏಳು ಸಾವಿರದ ನಾನೂರ ಅರವತ್ತು

ಕೋಥರೂಡ್ ಎಂಬ ಮರಾಠಿ ಬಡಾವಣೆಯಲ್ಲಿ ನಾವು ಫ್ಲ್ಯಾಟ್ ಕೊಂಡಾಗ ಬಿಲ್ಡರ್ ಬಾಯಿ ಬಿಡದ ಸಂಗತಿಗಳು ಹಲವು. ಬೇಸಿಗೆಯ ಟ್ಯಾಂಕರ್ ನೀರು ಒಂದು, ಪಕ್ಕದ ಮನೆಯ ಗೋಡೆಯಿಂದ ಬರುವ ಸದ್ದು ಇನ್ನೊಂದು. ದಿನಾ ಸಂಜೆ ನಾಲ್ಕಕ್ಕೆ ಅದು ಶುರುವಾಗುತ್ತಿತ್ತು. ಮೊದಲು ನಿಧಾನವಾಗಿ ಟುಕ್, ಟುಕ್, ಟುಕ್. ಆಮೇಲೆ ಬೇಗ ಬೇಗ. ಕೊನೆಗೆ ಉಸಿರು ಕಟ್ಟುವಷ್ಟು ವೇಗ, ಒಂದು ಸೋತ ರಾಗ, ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟುಕ್, ಟುಕ್. ಮನೆಯಿಂದಲೇ ಕೆಲಸ ಮಾಡುವ ನನಗೆ ಮೀಟಿಂಗ್‌ನಲ್ಲಿ ಯಾರು ಏನು ಹೇಳಿದರೆಂದೇ ತಿಳಿಯುತ್ತಿರಲಿಲ್ಲ. ಎರಡು ವಾರ ಸಹಿಸಿದೆ, ಮೂರನೇ ವಾರ ಜಗಳವಾಡಲೆಂದೇ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆಗೆದವರು ಅರವತ್ತರ ಆಸುಪಾಸಿನ ಹೆಂಗಸು. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ಕೈಯಲ್ಲಿ ಅಂಗೈಯಗಲದ ಬೂದು ಬಣ್ಣದ ಆಟದ ಡಬ್ಬಿ. ನಾನು ನನ್ನ ಹರಕು ಮರಾಠಿಯಲ್ಲಿ ರೇಗಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕನ್ನಡದಲ್ಲೇ ಬೈ ಮಾರಾಯ್ತಿ, ನಿನಗೂ ಸುಲಭ, ನನಗೂ ಸುಲಭ" ಅಂದರು. ನನ್ನ ಮರಾಠಿಯೊಳಗಿನ ಮೈಸೂರು ಅವರಿಗೆ ಕಂಡುಬಿಟ್ಟಿತ್ತು. ಬೈಯಲು ಹೋದವಳು ಕಾಫಿ ಕುಡಿದು ಬಂದೆ. ಅವರೇ ರಾಜೀವಿ ಆಂಟಿ.

ಆ ಸದ್ದು ಅವರಿಗೆ ಕೇಳುತ್ತಲೇ ಇರಲಿಲ್ಲ. ಊರಿನ ಕ್ಯಾಂಪ್ ಎಂಬ ಪೇಟೆಯಲ್ಲಿ ಅವರ ಗಂಡ ಲೋಕನಾಥ ಹನ್ನೆರಡು ಟೇಬಲ್ಲಿನ ಹೋಟೆಲು ನಡೆಸುತ್ತಿದ್ದರು. ಮೂಲ್ಕಿ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಬಂದ ಆಂಟಿ, ಇಪ್ಪತ್ತು ವರ್ಷ ಅದರ ಹಿಂದಿನ ಕೋಣೆಯಲ್ಲಿ ಗ್ರೈಂಡರ್ ಪಕ್ಕ ನಿಂತು ಹಿಟ್ಟು, ಚಟ್ನಿ ರುಬ್ಬಿಸಿದವರು. ಆ ಗದ್ದಲಕ್ಕೆ ಕಿವಿಯ ಅರ್ಧ ಶಕ್ತಿ ಹೋಗಿತ್ತು. ಎದುರು ಕೂತು ಮಾತಾಡಿದರೆ ಕೇಳುತ್ತಿತ್ತು, ಸಣ್ಣ ಸದ್ದುಗಳು ಮಾತ್ರ ಇಲ್ಲ. ಗ್ರಾಹಕರು ಕೂರುವ ಕಡೆಗೆ ಅವರು ಹೋದದ್ದೇ ಕಡಿಮೆ. ಹೋದರೆ ಕೊನೆಯ ಟೇಬಲ್ಲಿಗೆ, ಶಾಲೆ ಮುಗಿಸಿ ಬಂದು ಅಲ್ಲಿ ಕೂರುತ್ತಿದ್ದ ಮಗ ರಕ್ಷಿತನಿಗೆ ದೋಸೆ ಕೊಡಲು.

ಬೂದು ಡಬ್ಬಿ ರಕ್ಷಿತನದು, ಹನ್ನೊಂದನೇ ಹುಟ್ಟುಹಬ್ಬಕ್ಕೆ ಕ್ಯಾಂಪಿನ ಅಂಗಡಿಯಲ್ಲಿ ಕೊಡಿಸಿದ್ದು. ಪರದೆಯ ಮೇಲಿನಿಂದ ಏಲಿಯನ್‌ಗಳು ಸಾಲು ಸಾಲಾಗಿ ಇಳಿಯುತ್ತವೆ, ಕೆಳಗೊಂದು ಪುಟ್ಟ ಫಿರಂಗಿ. ಅವು ನೆಲ ಮುಟ್ಟುವ ಮೊದಲು ಹೊಡೆದುರುಳಿಸಬೇಕು, ಅಷ್ಟೇ ಆಟ. ಎರಡು ಸಾವಿರದ ಎರಡನೇ ಇಸವಿಯ ಮಳೆಗಾಲದಲ್ಲಿ ಹದಿಮೂರರ ರಕ್ಷಿತನಿಗೆ ಜ್ವರ ಬಂತು. ನಾಲ್ಕೇ ದಿನದ ಜ್ವರ. ಮೂರನೇ ದಿನ ಆಸ್ಪತ್ರೆಯ ಮಂಚದ ಮೇಲೆ ಹುಡುಗ ಆಟವಾಡಿ, "ಅಮ್ಮಾ, ಎಷ್ಟಾಯ್ತು ನೋಡು" ಎಂದು ಡಬ್ಬಿ ಚಾಚಿದನಂತೆ. ಆಮೇಲೆ ನೋಡುತ್ತೇನೆ, ಮೊದಲು ಗಂಜಿ ಕುಡಿ ಎಂದು ಇವರು ಗದರಿದರು. ಮರುದಿನ ಬೆಳಿಗ್ಗೆ ಅವನಿರಲಿಲ್ಲ. ಸಾವಿನ ಹದಿನಾರನೇ ದಿನ ಡಬ್ಬಿಯ ಸ್ವಿಚ್ ಹಾಕಿ ನೋಡಿದಾಗ ಹೈಸ್ಕೋರ್ ಎಂಬಲ್ಲಿ ಆ ಅಂಕಿ ಇತ್ತು: ಏಳು ಸಾವಿರದ ನಾನೂರ ಅರವತ್ತು.

ಅಂದಿನಿಂದ ಆಂಟಿಯೂ ಆಡಲು ಕಲಿತರು. ಆರೇ ತಿಂಗಳಲ್ಲಿ ಮಗನನ್ನು ಮೀರಿಸುವ ಕೈ ಬಂತು, ಆದರೆ ಮೀರಿಸಲಿಲ್ಲ. ಏಳು ಸಾವಿರದ ನಾನೂರು ಆಗುತ್ತಲೇ ಗುಂಡಿಯಿಂದ ಬೆರಳು ತೆಗೆದು, ಏಲಿಯನ್‌ಗಳು ಇಳಿದು ಬರುವುದನ್ನು ಸುಮ್ಮನೆ ನೋಡುತ್ತಿದ್ದರು. ದಿನಾ ನಾಲ್ಕಕ್ಕೆ ನಾನು ಕೇಳುತ್ತಿದ್ದದ್ದು ಆ ಸೋಲನ್ನು. ಒಮ್ಮೆ ಗೆಲ್ಲಬಾರದೇ ಎಂದು ಕೇಳಿದ್ದಕ್ಕೆ, "ಅವನಿಗಿಂತ ಮೇಲೆ ಹೋಗಿ ನಾನು ಎಂತ ಮಾಡುವುದು?" ಅಂದರು.

ಆ ಡಬ್ಬಿಯಲ್ಲಿ ಸೆಲ್ ಮುಗಿದರೆ ಅಂಕಿಯೂ ಮುಗಿಯಿತು. ಸೆಲ್ ತೆಗೆದು ಹೊಸದು ಹಾಕಲು ಸಿಗುವುದು ಹತ್ತು ಎಣಿಸುವಷ್ಟು ಹೊತ್ತು. ಆಂಟಿ ಹೊಸ ಪೆನ್ಸಿಲ್ ಸೆಲ್‌ಗಳೆರಡನ್ನು ಎಡಗೈಯಲ್ಲಿ ಸರಿಯಾದ ದಿಕ್ಕಿಗೆ ಹಿಡಿದು, ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಎಂದು ಎಣಿಸುತ್ತ ಆರರೊಳಗೆ ಮುಚ್ಚಳ ಹಾಕಿಬಿಡುತ್ತಿದ್ದರು. ನಾನು ಹೊಟ್ಟೆಪಾಡಿಗೆ ಮಾಡುವುದು ಕಂಪನಿಗಳ ಡೇಟಾ ಕಳೆಯದಂತೆ ಕಾಯುವ ಕೆಲಸ. ಇಪ್ಪತ್ತೆರಡು ವರ್ಷ ಒಂದೇ ಒಂದು ಅಂಕಿಯನ್ನು ಬರಿಗೈಯಲ್ಲಿ ಕಾಯ್ದ ಈ ಹೆಂಗಸಿನ ಮುಂದೆ ನನಗೆ ನಾಚಿಕೆಯಾಗುತ್ತಿತ್ತು.

ದೀಪಾವಳಿಯ ಅಮಾವಾಸ್ಯೆಗೆ ಅವರ ಕಡೆಯವರು ಹೋದವರಿಗೆ ಬಡಿಸುತ್ತಾರೆ. ಒಳಕೋಣೆಯಲ್ಲಿ ಎಲೆ ಹಾಕಿ, ಸತ್ತವರಿಗೆ ಪ್ರೀತಿಯಿದ್ದದ್ದನ್ನೆಲ್ಲ ಬಡಿಸಿ, ದೀಪವಿಟ್ಟು ಬಾಗಿಲು ಎಳೆದುಕೊಂಡು ಹೊರಗೆ ಮಾತಿಲ್ಲದೆ ಕೂರುವುದು. ಒಳಗೆ ಹೋಗುವ ಮೊದಲು ಮೂರು ಸಲ ಬಾಗಿಲು ತಟ್ಟುವುದು, ಉಣ್ಣುತ್ತಿರುವವರಿಗೆ ಎದ್ದು ಹೋಗಲು ತಿಳಿಸುವಂತೆ. ಐದು ವರ್ಷದ ಹಿಂದೆ ಹೋದ ಲೋಕನಾಥರ ಎಲೆಗೆ ಕೋಳಿ ಸಾರು, ಎಲೆಯಡಿಕೆಯ ಕವಳ. ರಕ್ಷಿತನ ಎಲೆಗೆ ಉದ್ದಿನ ದೋಸೆ, ಕ್ಯಾಂಪಿನ ಬೇಕರಿಯ ಬೆಣ್ಣೆ ಬಿಸ್ಕತ್ತು, ಪಕ್ಕದಲ್ಲಿ ಸ್ವಿಚ್ ಹಾಕಿದ ಆಟದ ಡಬ್ಬಿ. ಆಡುವವರಿಲ್ಲದಿದ್ದರೆ ಆ ಆಟ ಒಂದೂಕಾಲು ನಿಮಿಷಕ್ಕೆ ಮುಗಿಯುತ್ತದೆ. ಪ್ರತಿ ವರ್ಷ ಗೋಡೆಯಾಚೆ ನಾನು ಅದು ಮುಗಿಯುವುದನ್ನು ಕೇಳಿದ್ದೇನೆ. ಆಂಟಿಗೆ ಬಾಗಿಲು ತೆಗೆದ ಮೇಲೆ ಅಂಕಿ ನೋಡುವುದೇ ದಾರಿ. ಒಂದಾದರೂ ಬದಲಾಗಿದ್ದರೆ ಮಗ ಬಂದು ಆಡಿದ್ದಾನೆಂದು ಅವರ ಲೆಕ್ಕ. ಯಾವ ವರ್ಷವೂ ಬದಲಾಗಿರಲಿಲ್ಲ.

ಇಪ್ಪತ್ನಾಲ್ಕನೇ ಇಸವಿಯಲ್ಲಿ ಆ ಅಮಾವಾಸ್ಯೆ ಹಿಡಿದದ್ದು ಅಕ್ಟೋಬರ್ ಮೂವತ್ತೊಂದರ ಮಧ್ಯಾಹ್ನ. ಅದೇ ಸಂಜೆ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಮಕ್ಕಳಿಗೆ ಹ್ಯಾಲೋವೀನ್, ಅದಕ್ಕೆ ನಾನೇ ಮುಂದಾಳು. ದೀಪಾವಳಿಯ ದಿನ ದೆವ್ವಗಳ ಹಬ್ಬ ಯಾಕೆಂದು ವಾಟ್ಸಾಪ್‌ನಲ್ಲಿ ಹಿರಿಯ ಮರಾಠಿ ಹೆಂಗಸರು ಉಗಿದಿದ್ದರು. ವಿಜಯಪುರದ ಕಡೆಯ ವಾಚ್‌ಮನ್ ಸಂಕಪ್ಪನೂ ಬಿಡಲಿಲ್ಲ. "ಅಮಾಸಿ ಅದ ರೀ ಮ್ಯಾಡಮ್. ಇವತ್ತ ಅವರನ್ನ ಕರದ್ರ, ಖರೇನ ಬರತಾರ್ರಿ" ಅಂದ. ನಾನು ನಕ್ಕು ಮುಖಕ್ಕೆ ಹಸಿರು ಬಣ್ಣ ಬಳಿದುಕೊಂಡೆ. ಏಲಿಯನ್ ದಾಳಿ ಎಂಬುದು ಆ ವರ್ಷ ನಾನು ಆರಿಸಿದ್ದ ವಿಷಯ.

ಮಧ್ಯಾಹ್ನ ಎರಡಕ್ಕೆ ಆಂಟಿ ಡಬ್ಬಿ ಹಿಡಿದು ಬಂದರು. ಬೇಸಿಗೆಯಿಂದ ಅವರಿಗೆ ಕೈ ನಡುಕ ಹತ್ತಿತ್ತು, ಆಟ ನಿಂತಿತ್ತು, ಸೆಲ್ ಬದಲಿಸುವುದೂ ಕೈಲಾಗುತ್ತಿರಲಿಲ್ಲ. ಬ್ಯಾಂಕಿನಲ್ಲಿರುವ ಅವರ ಮಗಳು ಜ್ಯೋತ್ಸ್ನಾ ಬರುವುದು ಏಳಾಗುತ್ತದೆ, ಪರದೆ ಆಗಲೇ ಮಂಕಾಗಿದೆ. ಹತ್ತು ಎಣಿಸುವುದರೊಳಗೆ ಆಗಬೇಕೆಂದು ಅವರು ವಿವರಿಸಲು ಹೊರಟರೆ, ನಾನು ಇಂಜಿನಿಯರ್ ಆಂಟಿ, ಸಂಜೆ ಡಬ್ಬಿ ನಾನೇ ತರುತ್ತೇನೆ, ಹೋಗಿ ದೋಸೆ ನೋಡಿಕೊಳ್ಳಿ ಎಂದು ಕಳಿಸಿದೆ.

ಹಳೆಯ ಸೆಲ್ ತೆಗೆದೆ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಬಿರುಸಾಗಿತ್ತು. ಹೊಸ ಸೆಲ್ ಒತ್ತಿದರೆ ಅದು ಚಿಮ್ಮಿ, ಉರುಳಿ, ಚಪ್ಪಲಿ ಸ್ಟ್ಯಾಂಡಿನ ಅಡಿ ಹೋಯಿತು. ನಾನು ನೆಲಕ್ಕೆ ಬಿದ್ದು ಕೈ ತೂರಿಸಿದೆ. ಬೆರಳಿಗೆ ಸೆಲ್ ಸಿಕ್ಕಾಗ ನನಗೆ ಗೊತ್ತಾಗಿತ್ತು, ಮೂವತ್ತು ಎಣಿಸುವಷ್ಟು ಹೊತ್ತು ಕಳೆದಿತ್ತು. ಸ್ವಿಚ್ ಹಾಕಿದೆ. ಹೈಸ್ಕೋರ್ ಸೊನ್ನೆ.

ಸತ್ತ ಹುಡುಗನನ್ನು ನಾನು ಇನ್ನೊಮ್ಮೆ ಕೊಂದೆ ಅನಿಸಿತು. ಅದಕ್ಕಿಂತ ಚಿಕ್ಕ ಮಾತು ನನಗೆ ಸಿಗಲಿಲ್ಲ.

ಆಮೇಲೆ ನಾನು ಮಾಡಿದ್ದು ಕಳ್ಳರ ಕೆಲಸ. ಆಡಿ ಅದೇ ಅಂಕಿ ತಂದು ಅಲ್ಲಿಗೆ ನಿಲ್ಲಿಸಿದರೆ ಯಾರಿಗೆ ತಿಳಿಯುತ್ತದೆ? ನಾಲ್ಕರವರೆಗೆ ಊಟವಿಲ್ಲದೆ ಆಡಿದೆ. ಸಾವಿರ ದಾಟಿತು, ಸಾವಿರದ ಐನೂರು, ಅಲ್ಲಿಂದ ಮೇಲಿಲ್ಲ. ಐದಕ್ಕೆ ಕ್ಲಬ್‌ಹೌಸಿನಲ್ಲಿ ಮಕ್ಕಳು ನೆರೆದಾಗ ಡಬ್ಬಿಯನ್ನು ಅವರ ಮುಂದಿಟ್ಟು, ಇದೇ ಈ ಸಲದ ಹ್ಯಾಲೋವೀನ್ ಆಟ ಅಂದೆ. ಏಳು ಸಾವಿರದ ನಾನೂರ ಅರವತ್ತು ಮುಟ್ಟಿದವರಿಗೆ ಚಾಕಲೇಟಿನ ದೊಡ್ಡ ಡಬ್ಬ. ಮುಟ್ಟಿದ ಕೂಡಲೇ ಕಿತ್ತುಕೊಳ್ಳಲು ಪಕ್ಕದಲ್ಲೇ ನಿಂತೆ.

ದೀಪ ಆರಿಸಿದ ಕೋಣೆಯಲ್ಲಿ ದೆವ್ವಗಳು, ಅಸ್ಥಿಪಂಜರಗಳು, ಕೊಂಬಿನ ಏಲಿಯನ್‌ಗಳು ಒಂದು ಬೂದು ಪರದೆಗೆ ಮುಖ ಕೊಟ್ಟು ಸಾಲಾಗಿ ನಿಂತಿದ್ದವು. ಯಾವ ಮಗುವೂ ಕಿರುಚುತ್ತಿರಲಿಲ್ಲ. ಆ ಟುಕ್ ಟುಕ್ ಬಿಟ್ಟರೆ ಬೇರೆ ಸದ್ದಿಲ್ಲ. ಒಂಬತ್ತು ವರ್ಷದ ನನ್ನ ಮಗಳು ವರದಾ ಆಡಿ ಮುಗಿಸಿ, ಗುಂಡಿಯ ಮೇಲೆ ಯಾರದೋ ಹೆಬ್ಬೆರಳಿನ ಗುಳಿ ಇದೆ, ನನ್ನ ಬೆರಳು ಸರಿಯಾಗಿ ಕೂರುತ್ತದೆ ಅಂದಳು. ನನಗೆ ಆ ಮಾತು ಹಿಡಿಸಲಿಲ್ಲ. ಎಲ್ಲರಿಗಿಂತ ಮೇಲೆ ಹೋದವನು ಬಿ ವಿಂಗಿನ ಅಕ್ಷಯ, ಎರಡು ಸಾವಿರದ ಮುನ್ನೂರ ಎಂಬತ್ತು. ಆರೂವರೆ ಆಯಿತು. ಆಂಟಿಯ ಫೋನ್ ಬಂತು.

ಮುಖ ತೊಳೆಯಲೂ ಹೊತ್ತಿಲ್ಲದೆ ಹೋದೆ. ಕರ್ವೆ ರೋಡಿನ ಟ್ರಾಫಿಕ್‌ನಲ್ಲಿ ಜ್ಯೋತ್ಸ್ನಾ ಸಿಕ್ಕಿಬಿದ್ದಿದ್ದಳು, ಬಡಿಸುವಾಗ ಒಬ್ಬರಾದರೂ ಜೊತೆಗಿರಬೇಕು, ಹಾಗಾಗಿ ಆಂಟಿಗೆ ನಾನು. ಅಂಕಿಯನ್ನು ಮೊದಲೇ ನೋಡುವುದು ಅವರ ಪದ್ಧತಿಯಲ್ಲ, ಕನ್ನಡಕವೂ ಇರಲಿಲ್ಲ. ನನ್ನ ಕೈಯಿಂದಲೇ ಡಬ್ಬಿಯನ್ನು ಎಲೆಯ ಪಕ್ಕ ಇಡಿಸಿ ಸ್ವಿಚ್ ಹಾಕಿಸಿದರು. ಹೇಳಿಬಿಡಬೇಕೆಂದಿದ್ದವಳು ದೀಪದ ಬತ್ತಿ ಸರಿಮಾಡಿ ಹೊರಬಂದೆ. ಕಿಟಕಿಗೆ ಗ್ರಿಲ್ ಇದ್ದ, ನಾಲ್ಕನೇ ಮಹಡಿಯ ಆ ಕೋಣೆಯ ಬಾಗಿಲನ್ನು ಅವರೇ ಎಳೆದರು. ಇಬ್ಬರೂ ಹಾಲ್‌ನಲ್ಲಿ ಗೋಡೆಗೊರಗಿ ಕೂತೆವು. ಇನ್ನು ಮಾತಾಡುವಂತಿಲ್ಲ.

ಟುಕ್, ಟುಕ್, ಟುಕ್. ಒಂದೂಕಾಲು ನಿಮಿಷ ಎಂದು ನಾನು ಗೋಡೆ ಗಡಿಯಾರ ನೋಡಿದೆ. ಸದ್ದು ವೇಗವಾಯಿತು. ಈಗ ಸೋತ ರಾಗ ಬರಬೇಕು. ಬರಲಿಲ್ಲ. ಬದಲಿಗೆ ಪಿಚಕ್ ಎಂದು ಗುಂಡು ಹಾರಿದ ಸದ್ದು. ಮತ್ತೊಂದು. ಆಮೇಲೆ ಒಂದು ಸಾಲು ಪೂರ್ತಿ ಉರುಳಿದಾಗ ಬರುವ ಕಿರು ರಾಗ, ಮತ್ತೆ ಮೊದಲಿನಿಂದ ನಿಧಾನವಾಗಿ ಟುಕ್, ಟುಕ್. ಯಾರೋ ಆತುರವಿಲ್ಲದೆ, ಕೈ ಪಳಗಿದವರ ಹಾಗೆ ಆಡುತ್ತಿದ್ದರು. ನನ್ನ ಮೈಮೇಲೆ ಮುಳ್ಳೆದ್ದಿತು. ತಿರುಗಿ ಆಂಟಿಯ ಮುಖ ನೋಡಿದೆ. ಆಂಟಿ ಕೈ ಮಡಿಲಲ್ಲಿಟ್ಟು ಬಾಗಿಲನ್ನೇ ನೋಡುತ್ತಿದ್ದರು. ಅವರಿಗೆ ಏನೂ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಾದವರಿಗೆ ಕೇಳದ್ದು, ನಂಬದ ನನ್ನ ಕಿವಿಗೆ ಬೀಳುತ್ತಿತ್ತು. ಹದಿನೆಂಟು ನಿಮಿಷವಾದ ಮೇಲೆ ಸೋತ ರಾಗ ಬಂತು, ಎಲ್ಲ ನಿಂತಿತು.

ಆಂಟಿ ಎದ್ದು ಮೂರು ಸಲ ಬಾಗಿಲು ತಟ್ಟಿದರು. ಒಳಗೆ ದೀಪ ಇಟ್ಟಂತೆಯೇ ಇತ್ತು, ಎಲೆಯ ದೋಸೆ ಹಾಗೆಯೇ ಇತ್ತು. ಅವರು ಕನ್ನಡಕ ಹಾಕಿಕೊಂಡು ಡಬ್ಬಿ ಎತ್ತಿ ನೋಡಿದರು, ನನಗೂ ತೋರಿಸಿದರು. "ಅದೇ ಉಂಟು. ಈ ವರ್ಷವೂ ಅವ ಬರಲಿಲ್ಲ."

ಹೈಸ್ಕೋರ್ ಏಳು ಸಾವಿರದ ನಾನೂರ ಅರವತ್ತು.

ನಾನು ಬಚಾವಾಗಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ನನ್ನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ಆ ಡಬ್ಬಿಯನ್ನು ಸೆರಗಿನಿಂದ ಒರೆಸುತ್ತಿದ್ದ ರೀತಿ ನೋಡಿ ನನ್ನಿಂದ ಆಗಲಿಲ್ಲ. ಚಪ್ಪಲಿ ಸ್ಟ್ಯಾಂಡು, ಸೊನ್ನೆ, ಕ್ಲಬ್‌ಹೌಸು, ಆ ಹದಿನೆಂಟು ನಿಮಿಷ, ಎಲ್ಲ ಹೇಳಿದೆ. ಹಸಿರು ಬಣ್ಣದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಎಂಥ ವೇಷದಲ್ಲಿ ಎಂಥ ಮಾತು ಆಡುತ್ತಿದ್ದೇನೆಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಂಟಿ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಬಾಗಿಲು ಹಾಕುವಾಗ ಇದರಲ್ಲಿ ಎಷ್ಟಿತ್ತು?"

"ಎರಡು ಸಾವಿರದ ಮುನ್ನೂರ ಎಂಬತ್ತು, ಆಂಟಿ."

ಅವರು ರಕ್ಷಿತನ ಎಲೆಯ ಮುಂದೆ ಕುಳಿತರು. ನಡುಗುವ ಎರಡೂ ಕೈಯಲ್ಲಿ ಡಬ್ಬಿಯನ್ನು ಮುಖದ ಹತ್ತಿರ ಹಿಡಿದು, ಆಸ್ಪತ್ರೆಯ ಆ ದಿನ ನೋಡದಿದ್ದ ಅಂಕಿಯನ್ನು ಒಂದೊಂದಾಗಿ ನೋಡಿದರು. ಆಮೇಲೆ ಎಲೆಯ ಕಡೆ ತಿರುಗಿ ತುಳುವಿನಲ್ಲಿ, "ತೂಯೆ ಮಗಾ" ಅಂದರು. ನೋಡಿದೆ ಮಗಾ ಎಂದು.

ಡಬ್ಬಿಯ ಹಿಂದಿನ ಮುಚ್ಚಳ ತೆಗೆದು ಸೆಲ್‌ಗಳನ್ನು ಹೊರಗೆಳೆದವರೂ ಅವರೇ. ಈ ಸಲ ಎಣಿಸಲಿಲ್ಲ, ಅವಸರವೂ ಇರಲಿಲ್ಲ. ಸೆಲ್‌ಗಳನ್ನು ನನ್ನ ಕೈಗೆ ಹಾಕಿ, ದೋಸೆ ತಣ್ಣಗಾಯಿತು, ನೀನು ತಿಂದು ಹೋಗು ಅಂದರು. ನಾನು ಅಲ್ಲೇ ಕೂತು ತಿಂದೆ.

ಈಗ ಬೂದು ಡಬ್ಬಿ ಅವರ ಮನೆಯ ಶೋಕೇಸಿನಲ್ಲಿದೆ, ಸೆಲ್‌ಗಳು ನನ್ನ ಮೇಜಿನ ಡ್ರಾಯರಿನಲ್ಲಿ. ಆಂಟಿ ಸಂಜೆ ಹೊತ್ತು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರಂತೆ. ನಾನು ಮಾತ್ರ ನಾಲ್ಕು ಗಂಟೆಗೆ ಯಾವ ಮೀಟಿಂಗೂ ಇಟ್ಟುಕೊಳ್ಳುವುದಿಲ್ಲ. ಸೆಲ್ ಇಲ್ಲದೆಯೂ ಆ ಟುಕ್ ಟುಕ್ ಕೇಳೀತೆಂದು, ಆ ಹೊತ್ತಿಗೆ ಟಿವಿ ದೊಡ್ಡದಾಗಿ ಹಾಕಿಕೊಂಡು ಗೋಡೆಯಿಂದ ದೂರ ಕೂರುತ್ತೇನೆ.