ಒಬ್ಬನೇ ಸ್ಟಾರ್ಟ್ ಮಾಡುವ ಎಂಜಿನ್

ಹಾಯಿದೋಣಿಗೆ ಎಂಜಿನ್ ಯಾಕೆ ಎಂದು ನನ್ನನ್ನು ಕೇಳದವರು ಹುಣಸೂರಿನಲ್ಲಿ ಯಾರೂ ಉಳಿದಿಲ್ಲ. ಕ್ಷೌರಕ್ಕೆ ಕೂತಾಗ ಕಟಿಂಗ್ ಶಾಪಿನವನೂ ಕತ್ತರಿ ನಿಲ್ಲಿಸಿ, "ಗಾಳೀಲಿ ಓಗೋದುಕ್ಕೆ ಡೀಸೆಲ್ ಯಾಕ್ರಣ್ಣ?" ಅಂದ. ಹೋಗುವುದಕ್ಕೆ ಗಾಳಿ ಸಾಕಪ್ಪ, ವಾಪಸ್ ಬರುವುದಕ್ಕೆ ಎಂಜಿನ್ ಬೇಕು. ಕಬಿನಿ ಹಿನ್ನೀರಿನಲ್ಲಿ ಮಧ್ಯಾಹ್ನವೆಲ್ಲಾ ಜೋರಾಗಿ ಬೀಸುವ ಗಾಳಿ, ಸಂಜೆಯಾದರೆ ಕಚೇರಿ ಗುಮಾಸ್ತನ ಹಾಗೆ ಹೇಳದೆ ಕೇಳದೆ ಎದ್ದು ಹೋಗಿಬಿಡುತ್ತದೆ. ಆಮೇಲೆ ನೀವು, ಜೋತುಬಿದ್ದ ಹಾಯಿ, ಸುತ್ತ ಎರಡು ಮೈಲಿ ನೀರು.

ನಾನು ಹಳೇ ಪಂಪ್‌ಸೆಟ್ ಎಂಜಿನ್ ಕೊಂಡು ಮಾರುವವನು. ಬಸ್ ಸ್ಟ್ಯಾಂಡಿನ ಪಕ್ಕ ಗೋಣಿಚೀಲ ಹಾಸಿಕೊಂಡು ವಾಷರು, ಬೇರಿಂಗು ಮಾರುತ್ತಾ ಮೇಲೆ ಬಂದೆ. ಬೆಟ್ಟದಪುರದಿಂದ ಸರಗೂರಿನವರೆಗೆ ಯಾರ ಹೊಲದಲ್ಲಿ ಯಾವ ಎಂಜಿನ್ ಕೆಮ್ಮುತ್ತಿದೆ ಅಂತ ಬಲ್ಲೆ. ಇಂಥವನಿಗೆ ಹಾಯಿದೋಣಿ, ಇಂಗ್ಲಿಷಿನ ಯಾಟ್, ಯಾಕೆ ಅಂದರೆ, ಅಗ್ಗಕ್ಕೆ ಸಿಕ್ಕಿತು, ಅಷ್ಟೇ. ಹಿನ್ನೀರಿನ ದಡದಲ್ಲಿ ಹೋಂಸ್ಟೇ ನಡೆಸುತ್ತಿದ್ದವರೊಬ್ಬರು ಗಂಟುಮೂಟೆ ಕಟ್ಟಿ ಹೊರಟಾಗ, ಕೇರಳದ ಕಡಲಿನಿಂದ ಲಾರಿ ಹತ್ತಿ ಬಂದಿದ್ದ ಇಪ್ಪತ್ತಡಿಯ ದೋಣಿಯನ್ನು ನಾನೂ ನನ್ನ ಗೆಳೆಯ ಅಮೀರನೂ ಅರ್ಧರ್ಧ ಹಾಕಿ ಕೊಂಡೆವು. ಅಮೀರ್ ನಮ್ಮೂರಿನ ಎಂಜಿನ್ ಮೆಕ್ಯಾನಿಕ್. ಮೂವತ್ತು ವರ್ಷದಿಂದ ನಾನು ಎಂಜಿನ್ ತರುತ್ತೇನೆ, ಅವನು ಅದಕ್ಕೆ ಜೀವ ತುಂಬುತ್ತಾನೆ. ಹಾಯಿ ಕಟ್ಟುವುದನ್ನು ಇಬ್ಬರೂ ಫೋನಿನಲ್ಲಿ ನೋಡಿ ಕಲಿತೆವು. ಮೊದಲ ದಿನ ಹಾಯಿಯನ್ನು ತಲೆಕೆಳಗಾಗಿ ಏರಿಸಿದ್ದು ಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ದೋಣಿಯ ಹೊಟ್ಟೆಯಲ್ಲಿದ್ದದ್ದು ಒಂದೇ ಸಿಲಿಂಡರಿನ ಮುದಿ ಎಂಜಿನ್. ಅದನ್ನು ಎಬ್ಬಿಸಲು ಇಬ್ಬರು ಬೇಕು. ಒಬ್ಬ ಮುಂದೆ ಬಗ್ಗಿ ಹ್ಯಾಂಡಲ್ ತಿರುಗಿಸಬೇಕು, ವೇಗ ಹಿಡಿದಾಗ ಇನ್ನೊಬ್ಬ ಹಿಂದಿನಿಂದ, ಅಲ್ಲಿಯವರೆಗೆ ಒತ್ತಿ ಹಿಡಿದಿದ್ದ ಲಿವರ್ ಬಿಡಬೇಕು. ಒಂದೇ ಆಳಿಗೆ ಎರಡೂ ಕಡೆ ಕೈ ಎಟುಕುವುದಿಲ್ಲ. ನಾನು ತಿರುಗಿಸುವವನು, ಅಮೀರ್ ಬಿಡುವವನು. "ಇನ್ನೂ ಜೋರಾಗಿ ತಿರುಗ್ಸಲಾ, ರಾಗಿ ಬೀಸ್ತಾ ಇದ್ದೀಯಾ?" ಅಂತ ಅವನು ಬೈಯದೆ ಅದು ಒಂದು ದಿನವೂ ಸ್ಟಾರ್ಟ್ ಆದದ್ದಿಲ್ಲ.

ಹೋದ ವರ್ಷ ಅಮೀರ್ ತನ್ನ ಗ್ಯಾರೇಜಿನಲ್ಲಿ ಕೂತು, "ಮಂಡಿ ಹಿಡ್ಕಂಡದೆ ಕಣ್ಲಾ. ಹಿನ್ನೀರ್ಗಂಟ ಓಡಾಡಕ್ಕಾಗಲ್ಲ. ನನ್ ಅರ್ಧ ನೀನೇ ತಗಂಬುಡು" ಅಂದ. ಮಾರಾಟದ ಮಾತು ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಹೆಗಲ ಟವೆಲ್ಲಿಗೆ ಹೋಗುತ್ತದೆ. ನಮ್ಮ ಕಡೆ ದನದ ವ್ಯಾಪಾರದಲ್ಲಿ ಬಾಯಲ್ಲಿ ಬೆಲೆ ಹೇಳುವುದಿಲ್ಲ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ನಾನು ಎಂಜಿನ್ನನ್ನೂ ಹಾಗೇ ಕೊಳ್ಳುವವನು. ಅವತ್ತು ಟವೆಲ್ ಹಾಸಿ ಅಮೀರನ ಬೆರಳು ಹಿಡಿದೆ, ಕಡಿಮೆಗೇ ಹಿಡಿದೆ. ಅವನು ನನ್ನ ಮುಖ ನೋಡಿದ. "ಆಗ್ಲಿ" ಅಂದ. ಒಂದು ಬೆರಳೂ ಹೆಚ್ಚಿಸಲಿಲ್ಲ. ನಾನು ಗೆದ್ದೆ ಎಂದುಕೊಂಡು ಟೀ ಕುಡಿಸಿ ಬಂದೆ. ಅವನು ಆ ಮಾತು ತೆಗೆದದ್ದು ಮಾರಲಿಕ್ಕಲ್ಲ, ನನ್ನ ಬಾಯಿಂದ 'ಮಂಡಿ ನೋವಾದ್ರೆ ಸುಮ್ನೆ ಕೂತ್ಕಳ್ಳಲಾ, ಅರ್ಧ ಗಿರ್ಧ ಏನೂ ಬ್ಯಾಡ' ಅನ್ನಿಸಿಕೊಳ್ಳಲಿಕ್ಕೆ. ಅದು ನನಗೆ ಹೊಳೆದದ್ದು ಮುಂದಿನ ವಾರ ದಾರಿಯಲ್ಲಿ ಸಿಕ್ಕಾಗ. "ಚೆನ್ನಾಗಿದ್ದೀರಾ?" ಅಂದ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಬಹುವಚನ.

ಮನೆಯಲ್ಲಿ ಜನ ಇಲ್ಲವೆಂದಲ್ಲ. ಹೆಂಡತಿ ಇದ್ದಾಳೆ, ಊಟಕ್ಕೆ ಕರೆಯುತ್ತಾಳೆ. ಅಂಗಡಿಗೆ ಬರುವವರೆಲ್ಲ ಯಜಮಾನ್ರೇ ಅನ್ನುತ್ತಾರೆ. ಅರವತ್ತು ದಾಟಿದ ಮೇಲೆ ಗೌರವ ಬೇಡವೆಂದರೂ ಸಿಗುತ್ತದೆ. 'ಏನ್ಲಾ' ಅನ್ನುವವರು ಮಾತ್ರ ಒಬ್ಬೊಬ್ಬರೇ ಮುಗಿಯುತ್ತಾರೆ. ನನಗೆ ಉಳಿದಿದ್ದವನು ಒಬ್ಬ.

ದೋಣಿ ಎಂಟು ತಿಂಗಳು ದಡದಲ್ಲೇ ಇತ್ತು. ನಿಂತ ಎಂಜಿನ್ ಸುಮ್ಮನಿರುವುದಿಲ್ಲ, ಒಳಗೊಳಗೇ ತುಕ್ಕು ಹಿಡಿದು ಜಾಮ್ ಆಗುತ್ತದೆ. ಹೊಸದು ನೋಡಲೇಬೇಕಾಯಿತು.

ಇಲ್ಲಿ ಸ್ವಲ್ಪ ಬುದ್ಧಿವಾದ ಹೇಳುತ್ತೇನೆ, ನಿಮಗೆ ಯಾಟ್ ಇಲ್ಲದಿದ್ದರೂ ಕೇಳಿಸಿಕೊಳ್ಳಿ. ನಮ್ಮ ರೈತರು ಮೂರು ಕುದುರೆಯ ಪಂಪು ಸಾಕಾಗುವ ಬಾವಿಗೆ ಐದು ಕುದುರೆಯದ್ದು ಹಾಕುತ್ತಾರೆ. ಇರಲಿ ಬುಡಿ, ಒಂದು ಸೈಜ್ ಜಾಸ್ತಿ. (ಎತ್ತು ಕಟ್ಟುವ ನಾಡಿನಲ್ಲಿ ಶಕ್ತಿಯನ್ನು ಕುದುರೆಯಲ್ಲಿ ಯಾಕೆ ಅಳೆಯುತ್ತಾರೋ! ನಮ್ಮ ತಾಲ್ಲೂಕಿನಲ್ಲಿ ಕುದುರೆ ಕಾಣುವುದು ಮದುವೆ ಮೆರವಣಿಗೆಯಲ್ಲಿ, ಅದೂ ಬ್ಯಾಂಡಿಗೆ ಹೆದರಿಕೊಂಡು.) ನಾನೂ ಹಾಗೇ ಹೊರಟಿದ್ದೆ. ಆದರೆ ಹಾಯಿದೋಣಿಗೆ ಅದರದೇ ಒಂದು ನಡಿಗೆ ಇದೆ. ಎಷ್ಟು ಕುದುರೆ ಕಟ್ಟಿದರೂ ಅದನ್ನು ಮೀರಿ ಓಡುವುದಿಲ್ಲ, ಹಿಂಭಾಗ ನೀರಿಗೆ ಕುಸಿಯುತ್ತದೆ ಅಷ್ಟೇ. ಇನ್ನೊಂದು: ಎಂಜಿನ್ ಕೊಳ್ಳುವ ಮುಂಚೆ ಅದೇ ಅಳತೆಗೆ ರಟ್ಟಿನ ಪೆಟ್ಟಿಗೆ ಮಾಡಿ ಒಳಗಿಟ್ಟು ನೋಡಿ. ರಟ್ಟು ಹಿಡಿಸಿದರೂ ಆಯಿಲ್ ಬದಲಿಸಲು ನಿಮ್ಮ ಕೈ ಹಿಡಿಸುತ್ತದೆಯೇ ಅಂತಲೂ ನೋಡಿ. ಮಾರುವವನ ಮನೆಗೆ ಹೋದಾಗ ಮಾತಿಗೆ ಮುಂಚೆ ಎಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಒಮ್ಮೆ ಓಡಿಸಿದ್ದಾನೆ. ತಣ್ಣಗೆ ಮಲಗಿದ್ದಾಗ ಎಬ್ಬಿಸಿದರೆ ಮಾತ್ರ ಎಂಜಿನ್ನಿನ ಗುಣ ಗೊತ್ತಾಗುವುದು. ಕಣ್ಣೂರಿನ ವ್ಯಾಪಾರಿಯೊಬ್ಬನ ಮೂರು ಎಂಜಿನ್ ನಾನು ಬಿಟ್ಟದ್ದು ಹೀಗೆ. "ಚೇಟಾ, ಅಣ್ಣಾ, ಬಿಸಿಲಿಗೆ ಬೆಚ್ಚಗಾಗಿದೆ" ಅಂದ. ಅವು ಶೆಡ್ಡಿನೊಳಗಿದ್ದವು.

ಕೊನೆಗೆ ಎರಡು ಉಳಿದವು. ಒಂದು, ಹಳೆಯದರ ತಮ್ಮನಂತೆಯೇ ಇದ್ದ ಹ್ಯಾಂಡಲ್ ಎಂಜಿನ್. ಇನ್ನೊಂದು, ಗುಂಡಿ ಒತ್ತಿದರೆ ಎದ್ದೇಳುವ ಎರಡು ಸಿಲಿಂಡರಿನ ಸೆಲ್ಫ್ ಸ್ಟಾರ್ಟ್. ಯಾವುದು ಒಳ್ಳೆಯದೆಂದು ನನಗೆ ಗೊತ್ತಿರಲಿಲ್ಲವೇ? ಆದರೂ ಅಮೀರನ ಗ್ಯಾರೇಜಿಗೆ ಹೋದೆ. ಹ್ಯಾಂಡಲ್ಲಿನದು ತಗೋ ಅಂದರೆ ಲಿವರ್ ಬಿಡಲು ಅವನು ಬರುತ್ತಾನೆ ಅಂತ ಅರ್ಥ. ಕೇಳಲು ಹೋದದ್ದು ಅದನ್ನೇ.

ಅವನು ಕುರ್ಚಿ ಒರೆಸಿದ. ನನಗೆ ಆ ಉಪಚಾರವೂ ಹೊಸದು. ಎರಡರ ವಿವರವನ್ನೂ ಕೇಳಿ ಕೈಯಲ್ಲಿದ್ದ ನಟ್ಟನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಲೇ ಇದ್ದ.

"ಸೆಲ್ಫ್ ಸ್ಟಾರ್ಟೇ ತಗೊಳ್ಳಿ."

"ಹ್ಯಾಂಡಲ್ ಆದ್ರೆ ರಿಪೇರಿ ಸುಲಭ ಅಲ್ವಾ?" ಅಂದೆ. ಚೌಕಾಸಿ ಮಾಡುವವನ ಚಟ.

"ನೀವು ಒಬ್ರೇ ಓಗೋರು. ನೀರ್ ಮಧ್ಯ ನಿಂತೋದ್ರೆ ಯಾರನ್ ಕರೀತೀರಿ?"

ಸಲಹೆ ಸರಿಯಾಗಿತ್ತು, ಅದೇ ಕಷ್ಟ. ಅಮೀರ್ ಮಂಡಿಯ ಮೇಲೆ ಕೈಯೂರಿ ಎದ್ದು, ಮಳೆ ಬರುವ ಹಾಗಿದೆ, ಹುಷಾರಾಗಿ ಹೋಗಿ ಅಂದ.

ಸೆಲ್ಫ್ ಸ್ಟಾರ್ಟೇ ಬಂತು. ಕೂರಿಸುವವರು ಕಣ್ಣೂರಿನಿಂದಲೇ ಬಂದು ಕೂರಿಸಿ ಹೋದರು. ಅವರು ಹೋದ ಮೇಲೆ ಒಬ್ಬನೇ ಗುಂಡಿ ಒತ್ತಿದೆ. ಮೊದಲ ಸಲಕ್ಕೇ ಎದ್ದಿತು, ಬೈಗುಳವಿಲ್ಲ, ಬೆವರಿಲ್ಲ. ದಡ ಬಿಟ್ಟು ಸ್ವಲ್ಪ ದೂರ ಹೋದೆ. ಎದುರು ಹಿನ್ನೀರು, ಆಚೆಗೆ ಕಾಡಿನ ಕಪ್ಪು ಗೆರೆ, ಮುಳುಗಿದ ಹಳೇ ಮರದ ತುದಿಯಲ್ಲಿ ಒಂದು ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಒಣಗಿಸುತ್ತಿತ್ತು. ಎಷ್ಟು ಚೆನ್ನಾಗಿ ಓಡುತ್ತಿದೆ ಅಂತ ಹೇಳಲು, ಅಮೀರ್ ಕೂರುತ್ತಿದ್ದ ಮುಂದಿನ ಜಾಗದತ್ತ ನೋಡಿದೆ, ಅಲ್ಲಿ ಹಗ್ಗದ ಸುರುಳಿ ಇತ್ತು.

ಯಾಕೋ ಫೋನ್ ತೆಗೆದು ಅಮೀರನಿಗೆ ಹಚ್ಚಿದೆ. ಹಲೋ ಅಂದ. ಎಂಜಿನ್ ಪೆಟ್ಟಿಗೆಯ ಬಾಗಿಲು ತೆಗೆದು ಫೋನನ್ನು ಅದರ ಹತ್ತಿರ ಹಿಡಿದೆ. ಒಂದು ನಿಮಿಷ ಆಗಿರಬಹುದು. ಕಿವಿಗಿಟ್ಟುಕೊಂಡಾಗ ಆ ಕಡೆಯಿಂದ ಗುಡುಗು:

"ಎರಡ್ನೇ ಸಿಲಿಂಡರ್ ಟ್ಯಾಪೆಟ್ ಕಟಕಟ ಅಂತದೆ, ಕೇಳಾಕಿಲ್ವೇನ್ಲಾ? ಯಾವನ್ಲಾ ಅದುನ್ ಕೂರ್ಸಿದ್ದು? ಮುಟ್ಬ್ಯಾಡ ನೀನು. ಒಂದ್ ಭಾನ್ವಾರ ಬತ್ತೀನಿ." ಕಟ್ ಮಾಡಿದ.

ಯಾವ ಭಾನುವಾರ ಅಂತ ಕೇಳಲು ಧೈರ್ಯ ಬರಲಿಲ್ಲ. ಇದಾಗಿ ಮೂರು ಭಾನುವಾರ ಕಳೆದಿವೆ. ಟ್ಯಾಪೆಟ್ಟಿನ ಸಡಿಲವಾದ ಸ್ಕ್ರೂ ಬಿಗಿ ಮಾಡುವುದು ನನಗೆ ಹತ್ತು ನಿಮಿಷದ ಕೆಲಸ, ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ. ಮಾಡಿಲ್ಲ. ನೀವೂ ಎಂಜಿನ್ ತಗೊಳ್ಳುವುದಾದರೆ ಪೂರ್ತಿ ಸರಿಯಾಗಿರುವುದನ್ನು ತಗೊಳ್ಳಬೇಡಿ. ನಾಳೆ ಮತ್ತೆ ಭಾನುವಾರ. ಬೆಳಿಗ್ಗೆ ಏಳಕ್ಕೇ ಹೋಗಿ, ಗುಂಡಿ ಒತ್ತಿ, ಆ ಕಟಕಟ ಕೇಳುತ್ತಾ ದಡದಲ್ಲೇ ಕೂತಿರುತ್ತೇನೆ.